2018ರ ಬೊಲೆರೊ ಪಿಕಪ್‌ಗೆ 5.25 ಲಕ್ಷ ಕೇಳುತ್ತಿದ್ದಾರೆ, ಕೊಳ್ಳಬಹುದೇ?

ಟೊಮೆಟೊ_ತೋಟ (ಶ್ರೀನಿವಾಸಪುರ)

ಎಲ್ಲರಿಗೂ ನಮಸ್ಕಾರ. ಶ್ರೀನಿವಾಸಪುರ ತಾಲ್ಲೂಕಿನಲ್ಲಿ ನನಗೆ ನಾಲ್ಕು ಎಕರೆ ಇದೆ. ಎರಡು ಎಕರೆಯಲ್ಲಿ ವರ್ಷಕ್ಕೆ ಎರಡು ಸಲ ಟೊಮೆಟೊ, ಉಳಿದದ್ದರಲ್ಲಿ ಬೀನ್ಸ್, ಕ್ಯಾಪ್ಸಿಕಂ. ಮಾಲು ಹೆಚ್ಚಾಗಿ ಕೋಲಾರದ ಎಪಿಎಂಸಿಗೆ ಹೋಗುತ್ತದೆ, ದರ ನೋಡಿಕೊಂಡು ಕೆಲವೊಮ್ಮೆ ಆಂಧ್ರದ ಮದನಪಲ್ಲಿಗೆ. ಈವರೆಗೆ ಬಾಡಿಗೆ ಗಾಡಿಯನ್ನೇ ನಂಬಿಕೊಂಡಿದ್ದೇನೆ. ಬಾಕ್ಸಿಗೆ 12 ರೂಪಾಯಿ ತೆಗೆದುಕೊಳ್ಳುತ್ತಾರೆ.

ಪರಿಚಯದ ಬ್ರೋಕರ್ ಒಬ್ಬರು ಬೊಲೆರೊ ಪಿಕಪ್ ತೋರಿಸಿದ್ದಾರೆ. 2018ರ ಮಾಡೆಲ್, ಬಿಎಸ್ 4 (ಹಳೆಯ ಹೊಗೆ ಮಾನದಂಡದ) ಡೀಸೆಲ್, ಮೀಟರಿನಲ್ಲಿ 1.18 ಲಕ್ಷ ಕಿ.ಮೀ. ಬಣ್ಣ ಹೊಸದಾಗಿದೆ, ಸೀಟ್ ಕವರ್ ಹೊಸದು, ಮುಂದಿನ ಎರಡು ಟೈರ್ ಹೊಸವು. 5.25 ಲಕ್ಷ ಹೇಳುತ್ತಿದ್ದಾರೆ, ಸ್ವಲ್ಪ ಇಳಿಯಬಹುದು. ಓಡಿಸಿ ನೋಡಿದೆ, ಚೆನ್ನಾಗಿಯೇ ಎಳೆಯಿತು. ಆದರೆ ಖಾಲಿ ಗಾಡಿಯಾಗಿತ್ತು. ಭಾನುವಾರ ಮತ್ತೆ ಹೋಗಿ ನೋಡುವವನಿದ್ದೇನೆ. ಏನೇನು ಗಮನಿಸಬೇಕು, ಈ ದರ ಸರಿಯೇ, ತಿಳಿದವರು ಹೇಳಿ.

ಚಕ್ರಪಾಣಿ_ಹೊಸಕೋಟೆ

ಹಳೆಯದು ಬೇಡ. 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹೊಸ ಗಾಡಿಯ ಬೆಲೆ ಇಳಿದ ಮೇಲೂ ಹಳೆ ಗಾಡಿ ಮಾರುವವರು ಹಳೆಯ ದರವನ್ನೇ ಹಿಡಿದು ಕುಳಿತಿದ್ದಾರೆ. ಮೊದಲು ಶೋರೂಮಿಗೆ ಹೋಗಿ ಹೊಸದರ ಕೊಟೇಶನ್ ಬರೆಸಿಕೊಂಡು ಬನ್ನಿ. ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಬ್ರೋಕರ್ ಮುಂದೆ ಕುಳಿತರೆ ಮಾತಿನ ವರಸೆಯೇ ಬದಲಾಗುತ್ತದೆ.

ಲೆಕ್ಕದ_ಪುಸ್ತಕ

ಹೊಸದೋ ಹಳೆಯದೋ ಎನ್ನುವುದಕ್ಕಿಂತ ಮೊದಲು, ನಿಮಗೆ ಸ್ವಂತ ಗಾಡಿ ಬೇಕೇ ಎಂದು ನೋಡೋಣ. ನೀವು ಕೊಟ್ಟ ವಿವರವನ್ನೇ ಹಿಡಿದು ಲೆಕ್ಕ ಹಾಕಿದ್ದೇನೆ, ತಪ್ಪಿದ್ದರೆ ತಿದ್ದಿ.

ಎಕರೆಗೆ ಒಂದು ಬೆಳೆಗೆ 1,500 ಬಾಕ್ಸ್ ಎಂದರೆ ವರ್ಷಕ್ಕೆ 6,000 ಬಾಕ್ಸ್. ಬಾಡಿಗೆ 72,000 ರೂಪಾಯಿ.

ಇನ್ನು ಸ್ವಂತ ಗಾಡಿ. 5.25 ಲಕ್ಷವನ್ನು ಬ್ಯಾಂಕಿನಲ್ಲಿಟ್ಟಿದ್ದರೆ ಶೇ 7ರಂತೆ ಬರುತ್ತಿದ್ದ ಬಡ್ಡಿ 36,750. ವಿಮೆಗೆ 25,000. ಇದರಲ್ಲಿ ಮೂರನೇ ವ್ಯಕ್ತಿಯ ವಿಮೆಯೇ, 2022ರಲ್ಲಿ ನಿಗದಿಯಾದ ದರದಂತೆ, 16,049 ರೂಪಾಯಿ, ಜಿಎಸ್‌ಟಿ ಬೇರೆ. ಗಾಡಿಯ ಬೆಲೆ ವರ್ಷಕ್ಕೆ 40,000 ಆದರೂ ಕರಗುತ್ತದೆ. ಟೈರ್, ಆಯಿಲ್, ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ), ತೆರಿಗೆ, ಸಣ್ಣಪುಟ್ಟ ರಿಪೇರಿಗೆ ಇನ್ನೊಂದು 40,000. ಒಂದು ಸಲಕ್ಕೆ 80 ಬಾಕ್ಸ್ ಎಂದರೆ 75 ಟ್ರಿಪ್, ಹೋಗಿ ಬರಲು 50 ಕಿ.ಮೀ., ಲೀಟರಿಗೆ 12 ಕಿ.ಮೀ., ಡೀಸೆಲ್ 91 ರೂಪಾಯಿ ಹಿಡಿದರೆ 28,000 ಚಿಲ್ಲರೆ. ಎಲ್ಲ ಸೇರಿ 1.70 ಲಕ್ಷ. ಅಂದರೆ ಬಾಡಿಗೆಗಿಂತ ಸುಮಾರು 98,000 ಹೆಚ್ಚು. ಓಡಿಸುವವರ ಕೂಲಿಯನ್ನು ನಾನು ಸೇರಿಸಿಯೇ ಇಲ್ಲ.

ಈ ಹಳ್ಳ ತುಂಬಬೇಕೆಂದರೆ ಬೇರೆಯವರ ಮಾಲು ಹಾಕಲೇಬೇಕು. 12 ರೂಪಾಯಿಯಲ್ಲಿ ಡೀಸೆಲ್ ಕಳೆದರೆ ಬಾಕ್ಸಿಗೆ ಏಳು ರೂಪಾಯಿ ಚಿಲ್ಲರೆ ಉಳಿಯುತ್ತದೆ. ಹಾಗಾದರೆ ಇನ್ನೂ 13,500 ಬಾಕ್ಸ್ ಬೇಕು. ಸಿಗುತ್ತದೆಯೇ?

ಟೊಮೆಟೊ_ತೋಟ

ಲೆಕ್ಕ ನೋಡಿ ಸ್ವಲ್ಪ ಬೆವರಿದೆ, ಆದರೆ ಸರಿಯಾಗಿಯೇ ಇದೆ. ಅಕ್ಕಪಕ್ಕದ ತೋಟಗಳಲ್ಲಿ ನನ್ನ ಚಿಕ್ಕಪ್ಪನವರು, ಇನ್ನೂ ಮೂವರು ಇದ್ದಾರೆ. ಅವರ ಮಾಲೆಲ್ಲ ನನ್ನ ಗಾಡಿಗೇ ಬಂದರೆ ಹತ್ತು ಹನ್ನೆರಡು ಸಾವಿರ ಬಾಕ್ಸ್ ಆಗುತ್ತದೆ. ಗೊಬ್ಬರ, ಟೊಮೆಟೊ ಕಡ್ಡಿ, ಡ್ರಿಪ್ ಪೈಪ್ ತರುವ ಕೆಲಸ ಬೇರೆ.

ನನ್ನನ್ನು ಕಾಡುವುದು ಬಾಡಿಗೆಯ ಹಣಕ್ಕಿಂತ ವೇಳೆ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿದಾಗ ನಮ್ಮ ಕಡೆ ಗಾಡಿಯೇ ಸಿಗುತ್ತಿರಲಿಲ್ಲ. ಸಿಕ್ಕರೂ ಮೊದಲು ಬೇರೆಯವರ ತೋಟಕ್ಕೆ ಹೋಗಿ, ನಮ್ಮದನ್ನು ಹೇರುವ ಹೊತ್ತಿಗೆ ಹರಾಜು ಅರ್ಧ ಮುಗಿದಿರುತ್ತಿತ್ತು. ಬಿಡಿಸಿದ ಹಣ್ಣು ಒಂದು ರಾತ್ರಿ ತೋಟದಲ್ಲೇ ಉಳಿದರೆ ಆಗುವ ನಷ್ಟವನ್ನು ಯಾವ ಕಾಲಂನಲ್ಲಿ ಬರೆಯಬೇಕು?

ಲೆಕ್ಕದ_ಪುಸ್ತಕ

ಅದು ನ್ಯಾಯವಾದ ಮಾತು. ಹಾಗಾದರೆ ಗಾಡಿ ಬೇಕು ಎಂದೇ ಇಟ್ಟುಕೊಳ್ಳೋಣ. ಒಂದೇ ಷರತ್ತು: ಚಿಕ್ಕಪ್ಪನವರ ಬಳಿಯೂ ಬಾಡಿಗೆ ತೆಗೆದುಕೊಳ್ಳಬೇಕು. ಸಂಬಂಧಿಕರ ಮಾಲನ್ನು ಪುಕ್ಕಟೆ ಹೊತ್ತ ಗಾಡಿಗಳು ಎಷ್ಟು ಮನೆ ಮುಂದೆ ಟೈರ್ ಇಲ್ಲದೆ ನಿಂತಿವೆ ಎಂದು ನಿಮಗೂ ಗೊತ್ತು.

ಗ್ಯಾರೇಜ್_ಅಜ್ಜ (ಚಿಂತಾಮಣಿ)

ಹೊಸ ಬಣ್ಣ, ಹೊಸ ಸೀಟ್ ಕವರ್, ಮುಂದೆ ಮಾತ್ರ ಹೊಸ ಟೈರ್. ಇದು ಮಾರುವುದಕ್ಕಾಗಿ ಸಿಂಗರಿಸಿದ ಗಾಡಿ. ಅದರಲ್ಲಿ ತಪ್ಪೇನಿಲ್ಲ, ಮಗಳ ಮದುವೆಗೆ ಮನೆಗೆ ಸುಣ್ಣ ಬಳಿಯುವುದಿಲ್ಲವೇ. ಆದರೆ ನೋಡಬೇಕಾದ್ದು ಸುಣ್ಣವನ್ನಲ್ಲ.

ಬೆಳಿಗ್ಗೆ ಬೇಗ ಹೋಗಿ, ಬರುವ ವೇಳೆಯನ್ನು ಹೇಳದೆ ಹೋದರೆ ಇನ್ನೂ ಒಳ್ಳೆಯದು. ಮೊದಲು ಬಾನೆಟ್ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಅವರು ಆಗಲೇ ಒಮ್ಮೆ ಸ್ಟಾರ್ಟ್ ಮಾಡಿದ್ದಾರೆ. ಟೀ ಕುಡಿಯಲು ಹೋಗಿ, ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಬನ್ನಿ. ಡೀಸೆಲ್ ಇಂಜಿನ್ನಿನ ಸತ್ಯ ತಿಳಿಯುವುದು ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಮಾತ್ರ. ಬಿಸಿ ಇಂಜಿನ್ ಎಂಥದ್ದಾದರೂ ಅರ್ಧ ಸುತ್ತಿಗೆ ಹತ್ತಿಕೊಳ್ಳುತ್ತದೆ.

ಸ್ಟಾರ್ಟ್ ಮಾಡುವಾಗ ನೀವು ಹಿಂದೆ ಸೈಲೆನ್ಸರ್ ಬಳಿ ನಿಂತಿರಿ, ಕೀ ಬೇರೆಯವರು ತಿರುಗಿಸಲಿ. ಒಂದು ಕ್ಷಣ ಬಿಳಿ ಹೊಗೆ ಬಂದು ಹೋದರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಲೇ ಇದ್ದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಇಲ್ಲವೇ ಕೂಲೆಂಟ್ ಒಳಗೆ ಸೋರುತ್ತಿದೆ. ನೀಲಿ ಎಂದರೆ ಆಯಿಲ್ ಉರಿಯುತ್ತಿದೆ: ರಿಂಗ್, ವಾಲ್ವ್ ಸೀಲ್ ಅಥವಾ ಟರ್ಬೊ. ಕಪ್ಪು ಹೊಗೆಗೆ ಅಷ್ಟು ಹೆದರಬೇಡಿ, ಹಲವು ಸಲ ಏರ್ ಫಿಲ್ಟರ್ ಬದಲಿಸಿದರೆ ಹೋಗುತ್ತದೆ. ಇಂಜೆಕ್ಟರ್ ಆಗಿದ್ದರೆ ಮಾತ್ರ ಖರ್ಚು.

ಇಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚಿ ಅಲ್ಲೇ ಸಡಿಲವಾಗಿ ಇಡಿ. ಸ್ವಲ್ಪ ನಡುಗಿದರೆ ಸಹಜ. ಮುಚ್ಚಳವನ್ನೇ ಎತ್ತಿ ಎಸೆಯುವ ಹಾಗೆ ಒಳಗಿನಿಂದ ಹೊಗೆ ನುಗ್ಗಿ ಬರುತ್ತಿದ್ದರೆ ಪಿಸ್ಟನ್ ರಿಂಗ್‌ಗಳು ಸವೆದಿವೆ, ಇಂಜಿನ್ ಬಿಚ್ಚಿ ಬೋರ್ ಮಾಡಿಸುವ ಕೆಲಸ ದೂರವಿಲ್ಲ. ಮುಚ್ಚಳದ ಒಳಬದಿಯಲ್ಲಿ ಕಾಫಿ ಬಣ್ಣದ ಕೆನೆ ಕಂಡರೆ ಆಯಿಲಿಗೆ ನೀರು ಸೇರಿದೆ. ಅಲ್ಲಿಂದ ಹಾಗೆಯೇ ಹಿಂದಿರುಗಿ.

ಕ್ಲಚ್ ನೋಡಲು ಹ್ಯಾಂಡ್‌ಬ್ರೇಕ್ ಎಳೆದು, ಮೂರನೇ ಗೇರ್ ಹಾಕಿ, ನಿಧಾನವಾಗಿ ಕ್ಲಚ್ ಬಿಡಿ. ಇಂಜಿನ್ ತಕ್ಷಣ ಆಫ್ ಆಗಬೇಕು. ಆಗದೆ ಕೂಗುತ್ತಾ ಇದ್ದರೆ ಪ್ಲೇಟ್ ಮುಗಿದಿದೆ, ಆ ಹಣವನ್ನು ಬೆಲೆಯಲ್ಲಿ ಕಳೆಯಿರಿ.

ಇಷ್ಟೆಲ್ಲ ಇಂಜಿನ್ನಿನ ಮಾತಾಯಿತು. ಇಂಜಿನ್ ಕೆಟ್ಟರೆ ಕಟ್ಟಬಹುದು. ನನ್ನ ಮಟ್ಟಿಗೆ ಹಳೆ ಪಿಕಪ್ ಕೊಳ್ಳುವವರು ಮೊದಲು ಮಲಗಿ ಗಾಡಿಯ ಕೆಳಗೆ ನೋಡಬೇಕು. ಹಿಂದಿನ ಸ್ಪ್ರಿಂಗ್ ಪ್ಲೇಟ್‌ಗಳನ್ನು ಎಣಿಸಿ. ಹೆಚ್ಚುವರಿ ಪ್ಲೇಟ್ ಸೇರಿಸಿದ್ದರೆ ಆ ಗಾಡಿ ತನ್ನ ಮಿತಿಗಿಂತ ಹೆಚ್ಚು ಹೊತ್ತಿದೆ ಎಂದೇ ಅರ್ಥ. ಸ್ಪ್ರಿಂಗ್ ತೂಗುವ ಬ್ರಾಕೆಟ್‌ಗಳ ಸುತ್ತ ಚಾಸಿಯನ್ನು (ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟು) ಟಾರ್ಚ್ ಹಿಡಿದು ನೋಡಿ, ವೆಲ್ಡಿಂಗ್, ಪಟ್ಟಿ ಹೊಡೆದ ಗುರುತು, ಕೂದಲೆಳೆಯ ಬಿರುಕು ಇದೆಯೇ ಎಂದು. ಅದು ಕಂಡರೆ ಉಳಿದದ್ದನ್ನು ನೋಡುವ ಶ್ರಮವೇ ಬೇಡ.

ಕರಾವಳಿ_ಲೋಡ್ (ಉಡುಪಿ)

ಅಜ್ಜನ ಮಾತಿಗೆ ನನ್ನದೊಂದು ಸೇರ್ಪಡೆ. ಗಾಡಿ ಈ ಹಿಂದೆ ಏನು ಹೊತ್ತಿತ್ತು ಎಂದು ಕೇಳಿ. ನಮ್ಮ ಮಲ್ಪೆ, ಹೊನ್ನಾವರ, ಮಂಗಳೂರು ಬಂದರುಗಳಲ್ಲಿ ಮೀನು ಸಾಗಿಸಿದ ಪಿಕಪ್‌ಗಳು ಘಟ್ಟ ಹತ್ತಿ ಬಯಲುಸೀಮೆಯಲ್ಲಿ ಮಾರಾಟವಾಗುತ್ತವೆ. ಮಂಜುಗಡ್ಡೆ ಕರಗಿದ ಉಪ್ಪು ನೀರು ತೊಟ್ಟಿಯಿಂದ ಸೋರಿ ಚಾಸಿಯ ಒಳಕ್ಕೆ ಇಳಿಯುತ್ತದೆ. ಹೊರಗೆ ಬಣ್ಣ ಚೆನ್ನಾಗಿಯೇ ಇರುತ್ತದೆ, ಒಳಗಿನಿಂದ ತಿಂದುಕೊಂಡು ಬರುತ್ತದೆ. ಕೆಳಗೆಲ್ಲ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ನನಗೆ ಮೊದಲು ಸಂಶಯ ಬರುತ್ತದೆ. ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟಿ ನೋಡಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ.

ಕೆಂಪು ಕಲ್ಲು, ಜಲ್ಲಿ, ಎಂ ಸ್ಯಾಂಡ್ ಹೊತ್ತ ಗಾಡಿ ಬೆನ್ನು ಮುರಿದುಕೊಂಡಿರುತ್ತದೆ. ಗ್ಯಾಸ್ ಸಿಲಿಂಡರ್, ನೀರಿನ ಕ್ಯಾನ್ ಹಂಚಿದ್ದು ಮನೆ ಮನೆಯ ಮುಂದೆ ನಿಂತು ಹೊರಟು ಕ್ಲಚ್ಚು, ಸ್ಟಾರ್ಟರು ಸವೆಸಿಕೊಂಡಿರುತ್ತದೆ, ಆದರೆ ಚಾಸಿ ಚೆನ್ನಾಗಿರುತ್ತದೆ. ನನಗೆ ಆಯ್ಕೆ ಕೊಟ್ಟರೆ ಹಾಲು ಸಾಗಿಸಿದ ಗಾಡಿ. ದಿನವೂ ಅದೇ ದಾರಿ, ಅದೇ ತೂಕ, ಒಂದು ದಿನ ನಿಂತರೂ ದಂಡ ಕಟ್ಟಬೇಕಾದ್ದರಿಂದ ಮಾಲೀಕರು ಸರ್ವೀಸ್ ತಪ್ಪಿಸುವುದಿಲ್ಲ. ಮೀಟರ್ ಮಾತ್ರ ಮೂರು ಲಕ್ಷ ತೋರಿಸುತ್ತಿರುತ್ತದೆ, ಜನ ಅದನ್ನು ನೋಡಿ ಓಡಿಹೋಗುತ್ತಾರೆ.

ಮೀಟರ್_ಮಂಜ

ಮೀಟರಿನ ಮಾತು ಬಂತಲ್ಲ. ಏಳು ವರ್ಷದ ಹಳದಿ ಬೋರ್ಡ್ ಪಿಕಪ್ 1.18 ಲಕ್ಷ ಓಡಿದೆ ಎಂದರೆ ದಿನಕ್ಕೆ 46 ಕಿ.ಮೀ. ಬಾಡಿಗೆಗೆ ಓಡಿದ ಗಾಡಿಗೆ ಇದು ಬಹಳ ಕಡಿಮೆ. ಮೀಟರನ್ನು ಹಿಂದಕ್ಕೆ ತಿರುಗಿಸಿರಬಹುದು, ತಿರುಗಿಸದೆಯೂ ಇರಬಹುದು. ಬ್ರೇಕ್ ಮತ್ತು ಕ್ಲಚ್ ಪೆಡಲ್‌ಗಳ ರಬ್ಬರ್ ನೋಡಿ, ಹೊಸ ಸೀಟ್ ಕವರ್ ಎತ್ತಿ ಒಳಗಿನ ಫೋಮ್ ನೋಡಿ. ಕಂಪನಿಯ ಸರ್ವೀಸ್ ಸೆಂಟರಿಗೆ ಗಾಡಿ ಹೋಗಿದ್ದರೆ ಅಲ್ಲಿ ಪ್ರತಿ ಸರ್ವೀಸಿನ ಕಿ.ಮೀ. ದಾಖಲೆ ಇರುತ್ತದೆ, ಮಾಲೀಕರನ್ನೇ ಕರೆದುಕೊಂಡು ಹೋಗಿ ತೆಗೆಸಿ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನೂ ಓದಿ, ಮೊದಲೆರಡು ವಾರ, ಕೊನೆಯೆರಡು ವರ್ಷ. ಹಿಂದಿನ ಟೈರ್ ರೀಸೋಲ್ (ಸವೆದ ಟೈರಿಗೆ ಹೊಸ ರಬ್ಬರ್ ಅಂಟಿಸುವುದು) ಮಾಡಿಸಿದ್ದೇ ಎಂದು ಅಂಚು ನೋಡಿದರೆ ಗೊತ್ತಾಗುತ್ತದೆ.

ಕಡತ_ಕಾವಲು (ಬೆಂಗಳೂರು)

ಎಲ್ಲರೂ ಕಬ್ಬಿಣ ನೋಡಿದಿರಿ, ಕಾಗದವನ್ನು ಯಾರೂ ಕೇಳಲಿಲ್ಲ. ಆರ್‌ಸಿ (ನೋಂದಣಿ ಪತ್ರ) ಯಾರ ಹೆಸರಿನಲ್ಲಿದೆ? ಬ್ರೋಕರ್ ಹೆಸರಿನಲ್ಲಂತೂ ಇರುವುದಿಲ್ಲ. ಅವರು "ಮಾಲೀಕರು" ಎಂದು ತೋರಿಸುವವರ ಹೆಸರಿನಲ್ಲಾದರೂ ಇದೆಯೇ?

ನಮ್ಮಲ್ಲಿ ನಡೆಯುವುದು ಹೀಗೆ. ಮೊದಲ ಮಾಲೀಕರು ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಖಾಲಿ ಸಹಿ ಹಾಕಿ ಕೊಡುತ್ತಾರೆ. ಕೊಂಡವರು ತಮ್ಮ ಹೆಸರಿಗೆ ಮಾಡಿಸಿಕೊಳ್ಳದೆ ಒಂದೆರಡು ವರ್ಷ ಓಡಿಸಿ, ಅದೇ ಸಹಿ ಮಾಡಿದ ಫಾರಂ ಜೊತೆ ಇನ್ನೊಬ್ಬರಿಗೆ ದಾಟಿಸುತ್ತಾರೆ. ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳಲ್ಲಿ, ಕೊಂಡವರು 30 ದಿನಗಳಲ್ಲಿ ಆರ್‌ಟಿಒಗೆ ತಿಳಿಸಬೇಕು. ಇದನ್ನು ಕೊಂಡವರ ಕಷ್ಟ ಎಂದು ಮಾರಿದವರು ಕೈತೊಳೆದುಕೊಳ್ಳುವಂತೆಯೂ ಇಲ್ಲ: ಅಪಘಾತವಾದರೆ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. ಈಗ ಆನ್‌ಲೈನ್ ಸೇವೆಗಳಿಗೆ ಆರ್‌ಸಿಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ. ಆ ಮೊದಲ ಮಾಲೀಕರು ಎಲ್ಲಿದ್ದಾರೋ, ಫೋನ್ ಎತ್ತುತ್ತಾರೋ ಇಲ್ಲವೋ.

ಎಂ-ಪರಿವಾಹನ್ ಆ್ಯಪಿನಲ್ಲಿ ಗಾಡಿಯ ಸಂಖ್ಯೆ ಹಾಕಿ. ಎಫ್‌ಸಿ ಎಲ್ಲಿಯವರೆಗೆ, ವಿಮೆ, ತೆರಿಗೆ, ಎಮಿಷನ್, ಸಾಲದ ನಮೂದು ಎಲ್ಲವೂ ಕಾಣುತ್ತದೆ. ಸಾಲ ತೋರಿಸುತ್ತಿದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಮತ್ತು ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬಂದ ಮೇಲಷ್ಟೇ ಹಣ. "ಕಂತು ಮುಗಿದಿದೆ, ತೆಗೆಸುವುದು ಮರೆತಿದ್ದೇವೆ" ಎನ್ನುವ ಮಾತಿಗೆ ಬೆಲೆಯಿಲ್ಲ. ಇ-ಚಲನ್ ಬಾಕಿಯನ್ನೂ ನೋಡಿ. ಚಾಸಿ ಸಂಖ್ಯೆ, ಇಂಜಿನ್ ಸಂಖ್ಯೆಗಳನ್ನು ಗಾಡಿಯ ಮೇಲೆಯೇ ಓದಿ ಆರ್‌ಸಿಯೊಂದಿಗೆ ತಾಳೆ ನೋಡಿ. ಕೋಲಾರ ಗಡಿ ಜಿಲ್ಲೆಯಾದ್ದರಿಂದ ತಮಿಳುನಾಡು, ಆಂಧ್ರದ ಗಾಡಿಗಳೂ ಬರುತ್ತವೆ. ಹಾಗಿದ್ದರೆ ಫಾರಂ 28ರ ಎನ್‌ಒಸಿ, ಇಲ್ಲಿಯ ತೆರಿಗೆ ಎಲ್ಲವನ್ನೂ ಬೆಲೆಗೆ ಸೇರಿಸಿಕೊಳ್ಳಿ.

2018ರ ಗಾಡಿಗೆ ಇನ್ನೊಂದು ವಿಷಯ. ಎಂಟು ವರ್ಷ ತುಂಬುವವರೆಗೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ನೀವು ಕೊಳ್ಳುವ ಗಾಡಿ ಆ ಗೆರೆಯ ಮೇಲೆಯೇ ನಿಂತಿದೆ.

ಆರ್‌ಸಿಯಲ್ಲಿ ಒಟ್ಟು ತೂಕ ಎಷ್ಟಿದೆ ಎಂದೂ ನೋಡಿ. 3,000 ಕೆ.ಜಿ. ಮೀರದ ಸರಕು ವಾಹನಕ್ಕೆ ಪರ್ಮಿಟ್ ಬೇಡ. ಮದನಪಲ್ಲಿಗೆ ಹೋಗುವವರಿಗೆ ಇದು ದೊಡ್ಡ ಅನುಕೂಲ. ಒಂದೇ ಹೆಸರಿನ ಪಿಕಪ್ ಹಲವು ತೂಕಗಳಲ್ಲಿ ಬರುವುದರಿಂದ ಹೆಸರು ನೋಡಿ ತೀರ್ಮಾನಿಸಬೇಡಿ. ಲೈಸೆನ್ಸ್ ಬಗ್ಗೆ ಹೆದರುವುದು ಬೇಡ, ಎಲ್‌ಎಂವಿ (ಲಘು ವಾಹನ) ಲೈಸೆನ್ಸಿನಲ್ಲಿ 7,500 ಕೆ.ಜಿ.ವರೆಗಿನ ಸರಕು ವಾಹನ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೇ 2024ರ ನವೆಂಬರಿನಲ್ಲಿ ಎತ್ತಿಹಿಡಿದಿದೆ.

ಚಕ್ರಪಾಣಿ_ಹೊಸಕೋಟೆ

ಇಷ್ಟೊಂದು ತಲೆನೋವು ಪಡುವುದಕ್ಕಿಂತ ಬಿಎಸ್ 6 ಗಾಡಿ, ಮೂರು ವರ್ಷದೊಳಗಿನದು ತೆಗೆದುಕೊಳ್ಳುವುದೇ ವಾಸಿ ಎನ್ನುತ್ತೇನೆ.

ಗ್ಯಾರೇಜ್_ಅಜ್ಜ

ಹೈವೇಯಲ್ಲಿ ಓಡಿಸುವವರಿಗೆ ನಿಮ್ಮ ಮಾತು ಸರಿ. ಬಿಎಸ್ 6 ಡೀಸೆಲ್ ಗಾಡಿಯ ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಜಾಲರಿ ಇರುತ್ತದೆ. ಮಸಿ ತುಂಬಿದ ಮೇಲೆ ಅದು ತಾನಾಗಿ ಸುಟ್ಟುಕೊಳ್ಳಬೇಕು, ಅದಕ್ಕೆ ಗಾಡಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಬಿಸಿಯಾಗಿ ಓಡಬೇಕು. ತೋಟದಿಂದ ತೋಟಕ್ಕೆ ಮೊದಲ ಗೇರಿನಲ್ಲಿ ತೆವಳಿ, ಮಂಡಿಯಲ್ಲಿ ಸ್ಟಾರ್ಟ್‌ನಲ್ಲೇ ನಿಲ್ಲಿಸಿಕೊಳ್ಳುವವರಿಗೆ ಅದು ಪದೇ ಪದೇ ಕಟ್ಟಿಕೊಳ್ಳುತ್ತದೆ.

ಚಕ್ರಪಾಣಿ_ಹೊಸಕೋಟೆ

ಕೋಲಾರಕ್ಕೆ 25 ಕಿ.ಮೀ. ರಸ್ತೆಯಲ್ಲಿ ಓಡಿದರೆ ಸಾಕಲ್ಲವೇ ಅಜ್ಜ? ಎಲ್ಲ ಗ್ಯಾರೇಜಿನವರೂ ಹಳೆ ಇಂಜಿನ್ನನ್ನೇ ಹೊಗಳುತ್ತೀರಿ. ಕಂಪ್ಯೂಟರ್ ಹಾಕಿ ನೋಡುವ ಗಾಡಿ ಬಂದರೆ ನಿಮಗೆ ಕೆಲಸ ತಪ್ಪುತ್ತದೆ ಎಂದೇ?

ಗ್ಯಾರೇಜ್_ಅಜ್ಜ

ಸ್ಕ್ಯಾನರ್ ನನ್ನ ಬಳಿಯೂ ಇದೆ ಸ್ವಾಮಿ. ಬಿಎಸ್ 4 ಬೊಲೆರೊ ಪಿಕಪ್ಪೂ ಕಾಮನ್ ರೈಲ್ ಇಂಜಿನ್ನೇ (ಡೀಸೆಲ್ ಸಿಂಪಡಣೆಯನ್ನು ಕಂಪ್ಯೂಟರ್ ನಿಯಂತ್ರಿಸುವಂಥದ್ದು), ಅದನ್ನೂ ಸ್ಕ್ಯಾನರ್ ಹಾಕಿಯೇ ನೋಡಬೇಕು. 25 ಕಿ.ಮೀ. ನಿಲ್ಲದೆ ಓಡಿದರೆ ಸಾಕಾಗಬಹುದು, ಒಪ್ಪುತ್ತೇನೆ. ಆದರೆ ಇವರ ಕೈಯಲ್ಲಿರುವ ಹಣಕ್ಕೆ ಸಿಗುವ ಬಿಎಸ್ 6 ಎಂದರೆ ಕಂತು ಕಟ್ಟಲಾಗದೆ ಸೀಜ್ ಆಗಿ, ಯಾರ್ಡಿನಲ್ಲಿ ಮಳೆ ಬಿಸಿಲಿಗೆ ನಿಂತ ಗಾಡಿ. ಅದರಲ್ಲಿ ಹುಷಾರಾಗಿರಿ ಎಂದಷ್ಟೇ ನನ್ನ ಮಾತು.

ಟೊಮೆಟೊ_ತೋಟ

ಭಾನುವಾರ ನೋಡಿಕೊಂಡು ಬಂದೆ. ನಮ್ಮೂರಿನ ಮೆಕ್ಯಾನಿಕ್ ಒಬ್ಬರನ್ನೂ ಕರೆದುಕೊಂಡು ಹೋಗಿದ್ದೆ. ಬೆಳಿಗ್ಗೆ ಏಳಕ್ಕೇ ಹೋದರೂ ಬಾನೆಟ್ ಬೆಚ್ಚಗಿತ್ತು! ಕಾದು ನಿಂತು ಮತ್ತೆ ಸ್ಟಾರ್ಟ್ ಮಾಡಿಸಿದೆವು. ಹತ್ತಿಕೊಳ್ಳಲು ಸ್ವಲ್ಪ ತಡವಾಯಿತು, ನೀಲಿ ಹೊಗೆಯಿಲ್ಲ. ಆಯಿಲ್ ಮುಚ್ಚಳ ಸಡಿಲಿಸಿದಾಗ ಹೊಗೆ ಬರುತ್ತಿತ್ತು, ಮುಚ್ಚಳ ಬಿದ್ದುಹೋಗಲಿಲ್ಲ, ಆದರೆ ಜೋರಾಗಿ ಕುಣಿಯಿತು. ಕ್ಲಚ್ ಪರವಾಗಿಲ್ಲ.

ಕೆಳಗೆ ಮಲಗಿ ನೋಡಿದೆವು. ಹಿಂದೆ ಎರಡೂ ಬದಿ ಹೆಚ್ಚುವರಿ ಪ್ಲೇಟ್ ಇದೆ. ಬಲಗಡೆ ಸ್ಪ್ರಿಂಗ್ ಬ್ರಾಕೆಟ್ ಮೇಲೆ ಚಾಸಿಗೆ ಒಂದು ಪಟ್ಟಿ ಇಟ್ಟು ವೆಲ್ಡ್ ಮಾಡಿದ್ದಾರೆ, ಅದರ ಮೇಲೆ ಹೊಸ ಕಪ್ಪು ಬಣ್ಣ. ಕೇಳಿದರೆ "ಬಲಕ್ಕೆಂದು ಹಾಕಿಸಿದ್ದು" ಎಂದರು. ತೊಟ್ಟಿಯ ತಗಡು ಒಳಗೆ ಪೂರ್ತಿ ಗುಳಿ ಬಿದ್ದಿದೆ. ಪಕ್ಕದ ಅಂಗಡಿಯವರನ್ನು ವಿಚಾರಿಸಿದಾಗ ಕ್ರಷರಿನಿಂದ ಜಲ್ಲಿ ಹೊಡೆಯುತ್ತಿದ್ದ ಗಾಡಿ ಎಂದು ತಿಳಿಯಿತು.

ಆರ್‌ಸಿ ಇರುವುದು ಈಗಿನ ಮಾಲೀಕರ ಹೆಸರಿನಲ್ಲಿ ಅಲ್ಲ, ಅವರಿಗೆ ಮಾರಿದವರ ಹೆಸರಿನಲ್ಲಿ. ಸಾಲದ ನಮೂದೂ ಹಾಗೆಯೇ ಇದೆ. ನಾನು ಎದ್ದು ಹೊರಟಾಗ ಬ್ರೋಕರ್ 4.40ಕ್ಕೆ ಇಳಿದರು. ಒಂದೇ ಮಾತಿಗೆ 85,000! ಇನ್ನೂ ಇಳಿಯುತ್ತಾರೆ ಎನಿಸುತ್ತದೆ. ನಾಲ್ಕಕ್ಕೆ ಬಂದರೆ?

ಗ್ಯಾರೇಜ್_ಅಜ್ಜ

ಬೇಡ ಅಪ್ಪ. ಇಂಜಿನ್ ಮಾತ್ರ ಹೀಗಿದ್ದರೆ ನಾಲ್ಕಕ್ಕೆ ತೆಗೆದುಕೊಂಡು, ಒಂದು ಲಕ್ಷದ ಆಸುಪಾಸಿನಲ್ಲಿ ಪೂರ್ತಿ ಕೆಲಸ ಮಾಡಿಸಿ ನೆಮ್ಮದಿಯಾಗಿ ಓಡಿಸಿ ಎನ್ನುತ್ತಿದ್ದೆ. ಬ್ರಾಕೆಟ್ ಬಳಿ ಬಿರುಕು ಬಿಟ್ಟ ಚಾಸಿ ಒಂದು ಕಡೆ ವೆಲ್ಡ್ ಮಾಡಿದರೆ ಅದರ ಪಕ್ಕದಲ್ಲಿ ಬಿಡುತ್ತದೆ. ವೆಲ್ಡಿಂಗಿನ ಬಿಸಿಗೆ ಅಲ್ಲಿಯ ಕಬ್ಬಿಣ ಗಡುಸಾಗಿರುತ್ತದೆ, ಬಾಗಬೇಕಾದಲ್ಲಿ ಒಡೆಯುತ್ತದೆ. ಅದೂ ತುಂಬಿದ ಗಾಡಿ ಗುಂಡಿಗೆ ಇಳಿದಾಗಲೇ.

ಕಡತ_ಕಾವಲು

ನನ್ನದು ಇನ್ನೂ ಸರಳ. ಪುಕ್ಕಟೆ ಕೊಟ್ಟರೂ ಆ ಕಾಗದದ ಗಾಡಿ ಬೇಡ.

ಲೆಕ್ಕದ_ಪುಸ್ತಕ

ಬೆಲೆ ಇಳಿದದ್ದನ್ನು ಲಾಭ ಎಂದು ಓದಬೇಡಿ. ಎದ್ದು ಹೊರಟ ತಕ್ಷಣ 85,000 ಇಳಿಸುವವರಿಗೆ ಗಾಡಿಯ ಬಗ್ಗೆ ನಿಮಗಿಂತ ಹೆಚ್ಚು ಗೊತ್ತಿದೆ.

ಕರಾವಳಿ_ಲೋಡ್

ನೀವು ಬೊಲೆರೊವನ್ನೇ ಹಿಡಿದು ಕೂರಬೇಕೆಂದಿಲ್ಲ. ನಿಮ್ಮ ಲೋಡು ಎಷ್ಟು? 15 ಕೆ.ಜಿ. ಹಣ್ಣು, ಕ್ರೇಟ್ ಸೇರಿದರೆ 17 ಎನ್ನಿ. 80 ಬಾಕ್ಸಿಗೆ 1,360 ಕೆ.ಜಿ. ಅಶೋಕ್ ಲೇಲ್ಯಾಂಡ್ ದೋಸ್ತ್ ಒಂದೂಕಾಲು ಟನ್ನಿನ ಗಾಡಿ, 73 ಬಾಕ್ಸ್ ಆಗುತ್ತದೆ. ಹೊಸೂರಿನಲ್ಲಿ ತಯಾರಾಗುವ ಗಾಡಿ, ನಿಮ್ಮ ಕಡೆ ಬಿಡಿಭಾಗಗಳಿಗೆ ಕಷ್ಟವಿರಲಾರದು. ಟಾಟಾ ಏಸ್ ಮೈಲೇಜ್ ಚೆನ್ನಾಗಿ ಕೊಟ್ಟರೂ ಮುಕ್ಕಾಲು ಟನ್ನಿನದು. ಅದಕ್ಕೆ 80 ಬಾಕ್ಸ್ ಹೇರುವವರನ್ನು ನೋಡಿದ್ದೇನೆ, ಆಮೇಲೆ ಆ ಗಾಡಿಗಳನ್ನು ಕೊಳ್ಳುವವರನ್ನೂ ನೋಡಿದ್ದೇನೆ.

ಹೆಚ್ಚು ಹೇರುವ ಆಸೆಯನ್ನೂ ಬಿಡಿ. 2019ರ ತಿದ್ದುಪಡಿಯ ನಂತರ ಕಾಯ್ದೆಯಲ್ಲಿ ಓವರ್‌ಲೋಡಿಗೆ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ದಂಡ ಇದೆ.

ಹೊಲದ_ಹಾದಿ (ಮುಳಬಾಗಿಲು)

ವಿಷಯ ಸ್ವಲ್ಪ ಬೇರೆ, ಆದರೂ ಹೇಳಬೇಕು. ನಮ್ಮ ಕಡೆ ಹಣ್ಣು ಬಿಡಿಸುವ ಹೆಣ್ಣುಮಕ್ಕಳನ್ನು ಇದೇ ಪಿಕಪ್ಪಿನ ಹಿಂದೆ ಕೂರಿಸಿಕೊಂಡು ಹೋಗುತ್ತಾರೆ. ಗಾಡಿ ಬಂದರೆ ಅಣ್ಣನವರೂ ಅದನ್ನೇ ಮಾಡಬೇಕಾಗಿ ಬರುತ್ತದೆ, ಜನ ಕೇಳಿಯೇ ಕೇಳುತ್ತಾರೆ. ವಿಮೆ ಅವರಿಗೆ ಅನ್ವಯಿಸುತ್ತದೆಯೇ?

ಕಡತ_ಕಾವಲು

ಒಳ್ಳೆಯ ಪ್ರಶ್ನೆ. ಸರಕು ವಾಹನದಲ್ಲಿ ಪ್ರಯಾಣಿಕರಾಗಿ ಹತ್ತಿದವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. 1994ರ ತಿದ್ದುಪಡಿಯಿಂದ ಮಾಲಿನ ಮಾಲೀಕರಿಗೆ ಅಥವಾ ಅವರ ಪ್ರತಿನಿಧಿಗೆ ರಕ್ಷಣೆ ಇದೆ, ಅದೂ ಮಾಲಿನ ಜೊತೆ ಹೋಗುವಾಗ. ಕ್ರೇಟ್ ಮೇಲೆ ಕುಳಿತ ಹತ್ತು ಜನರಿಗೆ ಏನಾದರೂ ಆದರೆ ಪರಿಹಾರ ಗಾಡಿಯ ಮಾಲೀಕರ ಜಮೀನಿನಿಂದಲೇ ಬರಬೇಕು. ಹೇರಲು ಇಳಿಸಲು ಕೂಲಿಯವರನ್ನು ನೇಮಿಸಿಕೊಂಡಿದ್ದರೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಪಾಲಿಸಿಯಲ್ಲಿ ಸೇರಿಸಿ. ಹಣ್ಣು ಬಿಡಿಸುವವರಿಗೆ ಆಟೊ ಮಾಡಿಕೊಡಿ.

ಇದರ ಜೊತೆಗೆ: ಕೊಂಡ 14 ದಿನಗಳಲ್ಲಿ ವಿಮಾ ಕಂಪನಿಗೆ ಬರೆದು ಪಾಲಿಸಿಯನ್ನೂ ನಿಮ್ಮ ಹೆಸರಿಗೆ ಮಾಡಿಸಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್ ಅವರದ್ದು, ನಿಮಗೆ ಬರುವುದಿಲ್ಲ.

ಟೊಮೆಟೊ_ತೋಟ

ಬೊಲೆರೊ ಕೈಬಿಟ್ಟೆ. ಬ್ರೋಕರ್ ಇನ್ನೂ ಎರಡು ಸಲ ಫೋನ್ ಮಾಡಿದರು, ಕೊನೆಯದಾಗಿ 3.90.

ಹಾಲಿನ ಗಾಡಿಯ ಮಾತು ತಲೆಯಲ್ಲಿ ಉಳಿದಿತ್ತು. ಚಿಕ್ಕಪ್ಪನವರು ವಿಚಾರಿಸಿ ಒಂದು ದೋಸ್ತ್ ಹುಡುಕಿದ್ದಾರೆ. 2019ರ ಬಿಎಸ್ 4, ಹಾಲಿನ ಕ್ಯಾನ್ ರೂಟಿನಲ್ಲಿ ಓಡಿದ್ದು, ಮೀಟರ್ 2.60 ಲಕ್ಷ. ಮೊದಲ ಮಾಲೀಕರು, ಆರ್‌ಸಿ ಅವರದೇ ಹೆಸರಿನಲ್ಲಿ, ಸಾಲ ತೀರಿ ನಮೂದೂ ತೆಗೆಸಿದ್ದಾರೆ. ಸರ್ವೀಸ್ ಬಿಲ್‌ಗಳ ಒಂದು ಕಟ್ಟೇ ಕೊಟ್ಟರು, ಕ್ಲಚ್ ಬದಲಿಸಿದ್ದು, ಇಂಜೆಕ್ಟರ್ ಮಾಡಿಸಿದ್ದು ಎಲ್ಲ ಇದೆ. ಬಣ್ಣ ಮಾಸಿದೆ, ಎಡಬಾಗಿಲಲ್ಲಿ ತಗ್ಗು, ನಾಲ್ಕೂ ಟೈರ್ ಬದಲಿಸಬೇಕು. ಕೆಳಗೆ ವೆಲ್ಡಿಂಗ್ ಇಲ್ಲ, ಹೆಚ್ಚುವರಿ ಪ್ಲೇಟ್ ಇಲ್ಲ. ತೊಟ್ಟಿಯಲ್ಲಿ ಮೂಲೆಗಳಷ್ಟೇ ತುಕ್ಕು. 3.60 ಕೇಳುತ್ತಿದ್ದಾರೆ.

ಗ್ಯಾರೇಜ್_ಅಜ್ಜ

ಇದು ನೋಡುವಂಥ ಗಾಡಿ. ಖಾಲಿ ಓಡಿಸಬೇಡಿ, ನಿಮ್ಮದೇ 70 ಬಾಕ್ಸ್ ಹೇರಿ ಒಂದು ಸಲ ಕೋಲಾರಕ್ಕೆ ಹೋಗಿ ಬರಲು ಬಿಡುತ್ತಾರೆಯೇ ಕೇಳಿ, ಬಾಡಿಗೆ ಕೊಡುತ್ತೇನೆ ಎನ್ನಿ. ಏರಿನಲ್ಲಿ ಹೊಗೆ, ಬಿಸಿಯ ಮುಳ್ಳು, ಬ್ರೇಕ್ ಹಿಡಿದಾಗ ಒಂದು ಕಡೆಗೆ ಎಳೆಯುತ್ತದೆಯೇ, ಎಲ್ಲ ಆ ಒಂದು ಓಟದಲ್ಲಿ ತಿಳಿಯುತ್ತದೆ. ಬಂದ ಮೇಲೆ ಇಂಜೆಕ್ಟರ್‌ಗಳ ರಿಟರ್ನ್ ಪರೀಕ್ಷೆ ಮಾಡಿಸಿ: ಪ್ರತಿಯೊಂದರಿಂದ ಹಿಂದಕ್ಕೆ ಬರುವ ಡೀಸೆಲನ್ನು ಸಣ್ಣ ಬಾಟಲಿಗಳಲ್ಲಿ ಹಿಡಿಯುತ್ತಾರೆ. ಒಂದರಲ್ಲಿ ಮಾತ್ರ ಹೆಚ್ಚು ತುಂಬಿದರೆ ಆ ಇಂಜೆಕ್ಟರ್ ಹೋಗಿದೆ. ಕೊಂಡ ದಿನವೇ ಡೀಸೆಲ್ ಫಿಲ್ಟರ್ ಬದಲಿಸಿ, ನೀರು ಇಳಿಸಿ. ಕಾಮನ್ ರೈಲ್ ಇಂಜಿನ್ನಿಗೆ ಕ್ಯಾನಿನಲ್ಲಿ ತಂದ ಕೊಳಕು ಡೀಸೆಲ್ ಹಾಕುವ ಅಭ್ಯಾಸ ಇದ್ದರೆ ಇಂದೇ ಬಿಡಿ.

ಲೆಕ್ಕದ_ಪುಸ್ತಕ

3.60ಕ್ಕೆ ಬಡ್ಡಿ 25,200. ಸವಕಳಿಯನ್ನೂ 30,000ಕ್ಕೆ ಇಳಿಸಬಹುದು. ಮೊದಲ ಲೆಕ್ಕಕ್ಕಿಂತ ವರ್ಷಕ್ಕೆ 21,000ಕ್ಕೂ ಹೆಚ್ಚು ಉಳಿತಾಯ. ಬೇರೆಯವರ ಮಾಲು ಹತ್ತು ಹನ್ನೊಂದು ಸಾವಿರ ಬಾಕ್ಸ್ ಬಂದರೆ ಸಮಸಮ. ನಿಮ್ಮ ನಾಲ್ಕು ಮನೆಗಳಲ್ಲೇ ಅಷ್ಟು ಇದೆ ಎಂದಿದ್ದಿರಿ. ಟೈರುಗಳ ಹಣವನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ, ನಾನಾದರೆ 3.25ರಿಂದ ಮಾತು ಶುರು ಮಾಡುತ್ತೇನೆ.

ಟೊಮೆಟೊ_ತೋಟ

3.35ಕ್ಕೆ ಒಪ್ಪಿದರು. ಲೋಡ್ ಹಾಕಿ ಓಡಿಸಿಯೂ ಆಯಿತು, ಏರಿನಲ್ಲಿ ಬೊಲೆರೊದಷ್ಟು ಚುರುಕಿಲ್ಲ, ಆದರೆ ಬಿಸಿಯಾಗಲಿಲ್ಲ. ಇಂಜೆಕ್ಟರ್ ಪರೀಕ್ಷೆಯಲ್ಲಿ ಮೂರೂ ಸಮ. 25,000 ಮುಂಗಡ ಬ್ಯಾಂಕ್ ಮೂಲಕ ಕೊಟ್ಟಿದ್ದೇನೆ, ಉಳಿದದ್ದು ಆರ್‌ಟಿಒದಲ್ಲಿ ಅರ್ಜಿ ಹಾಕಿ ಒಟಿಪಿ ಆದ ಮೇಲೆ. ಮಾಲೀಕರು ಅದಕ್ಕೆ ಬೇಸರಿಸಿಕೊಳ್ಳಲಿಲ್ಲ.

ಕೋಳಿ_ಫಾರಂ (ಬಂಗಾರಪೇಟೆ)

ಎಲ್ಲ ಓದಿದೆ. ಆ ಬೊಲೆರೊ 3.90ಕ್ಕೆ ಇನ್ನೂ ಇದೆಯೇ? ನನಗೆ ದೂರದ ಓಟವಿಲ್ಲ. ಫಾರಮ್ಮಿನಿಂದ ಪಕ್ಕದ ಊರಿನ ತೋಟಗಳಿಗೆ ಗೊಬ್ಬರ ಹಾಕಲು ಸಾಕು. 3.25ಕ್ಕೆ ಕೊಟ್ಟರೆ ತೆಗೆದುಕೊಳ್ಳೋಣ ಎಂದಿದ್ದೇನೆ.

ಕಡತ_ಕಾವಲು

ಪಕ್ಕದ ಊರಿಗೆ ಹೋಗುವ ರಸ್ತೆಯೂ ಸಾರ್ವಜನಿಕ ರಸ್ತೆಯೇ, ಎಫ್‌ಸಿ ಮತ್ತು ವಿಮೆ ಬೇಕೇ ಬೇಕು. ಆರ್‌ಸಿಯಲ್ಲಿ ಹೆಸರಿರುವವರು ಮತ್ತು ಸಾಲ ಕೊಟ್ಟವರು ಇಬ್ಬರನ್ನೂ ಮೊದಲು ಎದುರು ಕೂರಿಸಿ. ಅಲ್ಲಿಯವರೆಗೆ ದರದ ಮಾತು ಬೇಡ.

ಗ್ಯಾರೇಜ್_ಅಜ್ಜ

ಕಾಗದ ಸರಿಯಾದರೆ ನನ್ನ ಗ್ಯಾರೇಜಿಗೆ ತನ್ನಿ, ಆ ವೆಲ್ಡಿಂಗ್ ಮೇಲಿನ ಬಣ್ಣ ಕೆರೆದು ನೋಡೋಣ. ಹಸಿ ಗೊಬ್ಬರ ಹೊರುವುದಾದರೆ ತೊಟ್ಟಿಯನ್ನು ದಿನವೂ ತೊಳೆಯಬೇಕು, ಅದೂ ಮೀನಿನ ನೀರಿನ ಹಾಗೆ ತಿನ್ನುತ್ತದೆ. ಮತ್ತೆ, 3.25 ಜಾಸ್ತಿಯಾಯಿತು.